ಹೋಗಿ ಬಾರದ ಓಟ

2020ರ ಫೆಬ್ರುವರಿ ತಿಂಗಳ ಮೊದಲ ದಿನಗಳಲ್ಲಿ ನಂತೂರಿನ ವೃತ್ತದ ಬಳಿ ಬಸ್ಸಿಗೆ ಕಾದು ನಿಂತ ವಿದ್ಯಾರ್ಥಿಗಳ ಬಾಯಲ್ಲೆಲ್ಲ ಒಂದೇ ಮಾತು. ಐಕಳದ ಕಂಬಳದ ಕರೆಯಲ್ಲಿ ಒಬ್ಬ ಓಟಗಾರನು ಕೋಣಗಳೊಡನೆ 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದ್ದನು. ಯಾರೋ ತ್ರೈರಾಶಿ ಹಾಕಿ, ನೂರು ಮೀಟರಿಗೆ 9.55 ಸೆಕೆಂಡು ಎಂದು ಲೆಕ್ಕ ತೆಗೆದರು. ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ಜಗತ್ತಿನ ದಾಖಲೆಯೋ 9.58. ಅಷ್ಟು ಸಾಕಾಯಿತು, ಎರಡು ಪಕ್ಷಗಳು ಹುಟ್ಟಿದವು. ಗಡಿಯಾರ ಸುಳ್ಳು ಹೇಳುವುದಿಲ್ಲ ಎಂಬುದು ಒಂದು ಪಕ್ಷದ ವಾದ. ಕೋಣಗಳು ಮುಂದಕ್ಕೆಳೆಯುವಾಗ ಓಡಿದ ಓಟವನ್ನೂ ಒಂಟಿಯಾಗಿ ಓಡಿದ ಓಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು, ಅಳೆಯದೆ ಇದ್ದ ನೂರು ಮೀಟರನ್ನು ಅಳೆದಂತೆ ಹೇಳಲಾಗದು ಎಂಬುದು ಇನ್ನೊಂದು ಪಕ್ಷದ ವಾದ.

ಈ ಲೇಖಕನು ಕನ್ನಡ ಪಾಠ ಹೇಳುವವನು. ಗಣಿತ ಅವನ ಕಸುಬಲ್ಲ. ಆದರೂ ಆ ಚರ್ಚೆಯ ಅಡಿಯಲ್ಲಿದ್ದ ಪ್ರಶ್ನೆಯೊಂದು ಮನಸ್ಸಿನಲ್ಲಿ ಉಳಿಯಿತು. ನಿಜವಾಗಿ ನಡೆದುಹೋದ, ಆದರೆ ನಿಯಮದ ಚೌಕಟ್ಟಿನೊಳಗೆ ಬಾರದ ವೇಗವನ್ನು ನಾವು ಏನೆಂದು ಕರೆಯಬೇಕು? ಪ್ರಶ್ನೆ ಹೊಸದಲ್ಲ. ಕೆಸರುಗದ್ದೆಯಿಂದ ಬಹು ದೂರದಲ್ಲಿ, ಸ್ಕಾಟ್ಲೆಂಡಿನ ಒಂದು ಸರೋವರದ ಮೇಲೆ, ಈ ಪ್ರಶ್ನೆ ಬಹಳ ಹಿಂದೆಯೇ ಒಬ್ಬ ಮನುಷ್ಯನ ಇಡೀ ಬಾಳಿಗೆ ಅಂಟಿಕೊಂಡು ನಿಂತಿತು. ಆತನ ಹೆಸರು ಜಾನ್ ರೋಡ್ಸ್ ಕಾಬ್. ನೆಲದ ಮೇಲೂ ನೀರಿನ ಮೇಲೂ ಯಾರೂ ಹೋಗದ ವೇಗದಲ್ಲಿ ಹೋದ ಆತನಿಗೆ ಎರಡೆಡೆಯಲ್ಲಿಯೂ ಆ ವೇಗ ಲೆಕ್ಕದ ಪುಸ್ತಕದಲ್ಲಿ ದಕ್ಕಲಿಲ್ಲ.

ಕಾಬ್ ಹುಟ್ಟಿದ್ದು 1899ರ ಡಿಸೆಂಬರ್ 2ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತದ ಈಶರ್ ಎಂಬ ಊರಿನಲ್ಲಿ. ವೃತ್ತಿಯಿಂದ ಆತ ತುಪ್ಪುಳದ ಚರ್ಮಗಳ ದಲ್ಲಾಳಿ. ಎತ್ತರವಾದ, ತುಂಬು ಮೈಯ ಆಳು. ಮಾತು ಕಡಮೆ, ಸಂಕೋಚ ಹೆಚ್ಚು. ವೇಗದ ಹುಚ್ಚು ಹಿಡಿದವರೆಂದರೆ ಗದ್ದಲದವರು ಎಂದು ನಾವು ಎಣಿಸುವುದುಂಟು. ಕಾಬ್ ಆ ಜಾತಿಯವನಲ್ಲ. ಹಗಲು ವ್ಯಾಪಾರದ ಕಾಗದಪತ್ರಗಳನ್ನು ನೋಡಿಕೊಂಡು, ಬಿಡುವು ಸಿಕ್ಕಾಗ ಬ್ರೂಕ್‌ಲ್ಯಾಂಡ್ಸಿನ ಕಾಂಕ್ರೀಟು ಓಟದ ಹಾದಿಯಲ್ಲಿ ಕಾರು ಓಡಿಸುತ್ತಿದ್ದ ಗೃಹಸ್ಥ ಆತ. ರೀಡ್ ರೈಲ್ಟನ್ ಎಂಬ ಎಂಜಿನಿಯರನು ಆತನಿಗಾಗಿ 1933ರಲ್ಲಿ ನೇಪಿಯರ್-ರೈಲ್ಟನ್ ಎಂಬ ಕಾರನ್ನು ರಚಿಸಿಕೊಟ್ಟನು. ವಿಮಾನಕ್ಕೆಂದು ಮಾಡಿದ 24 ಲೀಟರಿನ ಎಂಜಿನು ಅದರ ಹೃದಯ. 1935ರ ಅಕ್ಟೋಬರ್ 7ರಂದು ಕಾಬ್ ಅದರಲ್ಲಿ ಬ್ರೂಕ್‌ಲ್ಯಾಂಡ್ಸಿನ ಹೊರಸುತ್ತನ್ನು ಗಂಟೆಗೆ 143.44 ಮೈಲಿ ವೇಗದಲ್ಲಿ ಮುಗಿಸಿದನು. 1939ರಲ್ಲಿ ಆ ಹಾದಿ ಮುಚ್ಚಿತು. ಹಾಗಾಗಿ ಆ ದಾಖಲೆಯನ್ನು ಮುರಿಯುವವರೇ ಇಲ್ಲವಾದರು.

ಅಲ್ಲಿಂದ ಮುಂದೆ ಆತನ ದೃಷ್ಟಿ ಅಮೆರಿಕದ ಯೂಟಾ ಪ್ರಾಂತದ ಬಾನ್‌ವಿಲ್ ಉಪ್ಪಿನ ಬಯಲಿನ ಕಡೆಗೆ ಹೊರಳಿತು. ಕಣ್ಣು ಹಾಯುವಷ್ಟು ದೂರ ಬಿಳಿಯ ಉಪ್ಪು, ಮರವಿಲ್ಲ, ತಿರುವಿಲ್ಲ. ಅಲ್ಲಿ ಆತನ ಎದುರಾಳಿ ಜಾರ್ಜ್ ಐಸ್ಟನ್. 1938ರ ಸೆಪ್ಟೆಂಬರ್ 15ರಂದು ಕಾಬ್ ಗಂಟೆಗೆ 350.20 ಮೈಲಿಯ ದಾಖಲೆ ಮಾಡಿದನು. ಮರುದಿನವೇ ಐಸ್ಟನ್ ಅದನ್ನು 357.50ಕ್ಕೆ ಏರಿಸಿದನು. ಒಂದು ದಿನದ ದೊರೆತನ! ಆ ವರುಷವೇ ನಡೆದ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು. ಅಷ್ಟು ವೇಗವನ್ನು ಕೈಗಡಿಯಾರದಿಂದ ಅಳೆಯುವಂತಿಲ್ಲ. ಹಾದಿಗೆ ಅಡ್ಡವಾಗಿ ಬೆಳಕಿನ ಕಿರಣವೊಂದನ್ನು ಹಾಯಿಸಿ, ಕಾರು ಅದನ್ನು ತಡೆದ ಕ್ಷಣದಲ್ಲಿ ವಿದ್ಯುತ್ ಯಂತ್ರವು ಕಾಲವನ್ನು ಗುರುತಿಸುವಂತೆ ಮಾಡಿದ್ದರು. ಐಸ್ಟನನ ಥಂಡರ್‌ಬೋಲ್ಟ್ ಕಾರಿಗೆ ಹೊಳಪು ಕೊಟ್ಟ ಅಲ್ಯೂಮಿನಿಯಮ್ಮಿನ ಮೈ. ಬಿಸಿಲಿನಲ್ಲಿ, ಬಿಳಿಯ ಉಪ್ಪಿನ ಮೇಲೆ, ಅದು ಎಷ್ಟು ಥಳಥಳಿಸಿತೆಂದರೆ ಯಂತ್ರದ ಕಣ್ಣಿಗೆ ಕಾರು ಹಾದುಹೋದದ್ದೇ ತಿಳಿಯಲಿಲ್ಲ. ಓಟ ನಡೆಯಿತು, ಅಳತೆ ಆಗಲಿಲ್ಲ. ಆಮೇಲೆ ಐಸ್ಟನ್ ಕಾರಿನ ಮಗ್ಗುಲಿಗೆ ದೊಡ್ಡದೊಂದು ಕಪ್ಪು ಬಾಣದ ಗುರುತನ್ನು ಬಳಿಸಿಕೊಂಡು ಬಂದನು. ಯಂತ್ರಕ್ಕೆ ಕಾಣಿಸಿಕೊಳ್ಳುವುದೂ ವೇಗದ ವಿದ್ಯೆಯ ಒಂದು ಪಾಠವಾಯಿತು.

1939ರ ಆಗಸ್ಟ್ 23ರಂದು ಕಾಬ್ ಗಂಟೆಗೆ 369.7 ಮೈಲಿ ಮುಟ್ಟಿ ದಾಖಲೆಯನ್ನು ಮರಳಿ ಪಡೆದನು. ಕೆಲವೇ ದಿನಗಳಲ್ಲಿ ಮಹಾಯುದ್ಧ ತೊಡಗಿತು. ಯುದ್ಧಕಾಲದಲ್ಲಿ ಆತ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಸೇವೆಯಲ್ಲಿಯೂ ದುಡಿದನು. ಶಾಂತಿ ಬಂದ ಮೇಲೆ, 1947ರ ಸೆಪ್ಟೆಂಬರ್ 16ರಂದು, ಮತ್ತೆ ಅದೇ ಉಪ್ಪಿನ ಬಯಲಿಗೆ ಇಳಿದನು.

ಇಲ್ಲಿ ದಾಖಲೆಯ ನಿಯಮವನ್ನು ಒಂದಿಷ್ಟು ವಿವರಿಸಬೇಕು. ಅಳತೆ ಮಾಡಿಟ್ಟ ಒಂದು ಮೈಲಿಯನ್ನು ಒಂದು ದಿಕ್ಕಿನಲ್ಲಿ ಓಡಿದರೆ ಸಾಲದು. ಗೊತ್ತಾದ ಅವಧಿಯೊಳಗೆ ಎದುರು ದಿಕ್ಕಿನಿಂದಲೂ ಓಡಿ ಬರಬೇಕು. ಎರಡು ಓಟಗಳ ಸರಾಸರಿಯೇ ದಾಖಲೆ. ಬೆನ್ನಿಗೆ ಬೀಸಿದ ಗಾಳಿ ಮರಳುವಾಗ ಎದೆಗೆ ಬೀಸುತ್ತದೆ, ಇಳಿಜಾರಾಗಿದ್ದುದು ಏರಾಗುತ್ತದೆ. ಪ್ರಕೃತಿಯಿಂದ ಪಡೆದ ಸಾಲವನ್ನು ಪ್ರಕೃತಿಗೆ ಹಿಂದಿರುಗಿಸಿದ ಮೇಲೆ ಉಳಿದದ್ದಷ್ಟೇ ಮನುಷ್ಯನ ಗಳಿಕೆ. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು ನಮ್ಮ ಹಿರಿಯರು ಕಲಿಸಿದರಲ್ಲವೆ? ವೇಗದ ಅಳತೆಗಾರರೂ ತಮ್ಮ ಗಣಿತದ ದಾರಿಯಿಂದ ಆ ಮಾತಿಗೇ ಬಂದು ಸೇರಿದ್ದರು.

ಆ ದಿನ ಕಾಬ್ ಒಂದು ಕಡೆಗೆ 385.645 ಮೈಲಿ ವೇಗದಲ್ಲಿಯೂ ಇನ್ನೊಂದು ಕಡೆಗೆ 403.135 ಮೈಲಿ ವೇಗದಲ್ಲಿಯೂ ಓಡಿದನು. ನೆಲದ ಮೇಲೆ ಮನುಷ್ಯನು ಗಂಟೆಗೆ ನಾನೂರು ಮೈಲಿಯ ಗೆರೆಯನ್ನು ದಾಟಿದ್ದು ಅದೇ ಮೊದಲು. ಆದರೆ ದಾಖಲೆಯಾಗಿ ನಿಂತದ್ದು 394.196. ಲೆಕ್ಕ ಬಲ್ಲ ವಿದ್ಯಾರ್ಥಿಯು ಇಲ್ಲೊಂದು ಸಂದೇಹ ಎತ್ತಬಹುದು: ಆ ಎರಡು ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸಿದರೆ 394.39 ಬರುತ್ತದಲ್ಲ? ಹೌದು. ಆದರೆ ಅಧಿಕಾರಿಗಳು ವೇಗಗಳ ಸರಾಸರಿಯನ್ನಲ್ಲ, ಕಾಲಗಳ ಸರಾಸರಿಯನ್ನು ತೆಗೆದರು. ಒಂದು ಮೈಲಿಗೆ ಒಮ್ಮೆ ಸುಮಾರು 9.335 ಸೆಕೆಂಡು, ಇನ್ನೊಮ್ಮೆ 8.930 ಸೆಕೆಂಡು, ಇವುಗಳ ನಡುವಣ ಕಾಲದಿಂದ ವೇಗವನ್ನು ತೆಗೆದರೆ 394.196 ಸಿಗುತ್ತದೆ. ಎರಡು ಕ್ರಮಗಳ ಅಂತರ ಕಡಮೆ. ಆದರೂ ಯಾವ ಸರಾಸರಿ ಎಂಬುದನ್ನು ಮೊದಲೇ ಗೊತ್ತುಮಾಡದಿದ್ದರೆ ಜಗಳಕ್ಕೆ ಅಷ್ಟು ಸಾಕು. ಆ ವೇಗದಲ್ಲಿ ಕಾಲದ ಅಳತೆ ಸೆಕೆಂಡಿನ ಹತ್ತನೆಯ ಒಂದು ಪಾಲು ತಪ್ಪಿದರೂ ಗಂಟೆಗೆ ನಾಲ್ಕು ಮೈಲಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. 403 ಇದ್ದದ್ದು 399ರ ಕೆಳಗೆ ಇಳಿದು ನಾನೂರರ ಕೀರ್ತಿಯೇ ಕರಗಿಹೋಗುತ್ತದೆ.

ನೆಲದ ಮೇಲೆ ಸಾಧಿಸಬೇಕಾದುದನ್ನು ಸಾಧಿಸಿದ ಕಾಬ್ ಬಳಿಕ ನೀರಿಗೆ ಇಳಿದನು. ನೀರಿನ ಮೇಲಣ ಓಟದಲ್ಲಿ ವಿವಾದಗಳಿಗೆ ಮೊದಲಿನಿಂದಲೂ ಬರವಿರಲಿಲ್ಲ. 1931ರಲ್ಲಿ ಡೆಟ್ರಾಯಿಟ್ ನದಿಯಲ್ಲಿ ಹಾರ್ಮ್ಸ್‌ವರ್ತ್ ಪಾರಿತೋಷಕಕ್ಕಾಗಿ ಪಂದ್ಯ ನಡೆದಾಗ, ಅಮೆರಿಕದ ಗಾರ್ ವುಡ್ ಮತ್ತು ಬ್ರಿಟನ್ನಿನ ಕೇ ಡಾನ್ ಇಬ್ಬರೂ ಹೊರಡುವ ಸಂಕೇತಕ್ಕೆ ಕೆಲವು ಸೆಕೆಂಡು ಮೊದಲೇ ಗೆರೆ ದಾಟಿದರೆಂದು ಅನರ್ಹರಾದರು; ನಿಧಾನವಾಗಿ ಹಿಂದೆ ಬಂದ ವುಡ್‌ನ ಸಹೋದರ ಜಾರ್ಜ್ ಗೆದ್ದನು. ವುಡ್ ಬೇಕೆಂದೇ ಎದುರಾಳಿಯನ್ನು ಸೆಳೆದನೆಂಬ ಆರೋಪ ಬಹುಕಾಲ ಉಳಿಯಿತು. ಅದಕ್ಕೂ ಹಿಂದೆ, 1930ರ ಜೂನ್ 13ರಂದು, ಹೆನ್ರಿ ಸೀಗ್ರೇವ್ ವಿಂಡರ್‌ಮಿಯರ್ ಸರೋವರದಲ್ಲಿ ಎರಡು ದಿಕ್ಕಿನ ಓಟಗಳನ್ನು ಮುಗಿಸಿ 98.76 ಮೈಲಿಯ ದಾಖಲೆ ಮಾಡಿದ ಮೇಲೆ, ಮೂರನೆಯ ಓಟದಲ್ಲಿ ದೋಣಿ ಮಗುಚಿ ಸತ್ತನು. ಆತ ಹೋಗಿ ಬಂದಿದ್ದನು. ಆದ್ದರಿಂದ ಸತ್ತರೂ ದಾಖಲೆ ಉಳಿಯಿತು.

ನೀರಿನಲ್ಲಿ ಮರಳಿ ಬರುವುದಕ್ಕೆ ನೆಲದಲ್ಲಿಲ್ಲದ ಒಂದು ತೊಡಕಿದೆ. ಉಪ್ಪಿನ ಬಯಲಿನಲ್ಲಿ ಹೋದ ಗುರುತು ಗೆರೆಯಾಗಿ ಸುಮ್ಮನೆ ಬಿದ್ದಿರುತ್ತದೆ. ಸರೋವರದಲ್ಲಿ ಹೋದ ದೋಣಿ ಎಬ್ಬಿಸಿದ ಅಲೆ ದಡಕ್ಕೆ ಬಡಿದು ಹಿಂದಿರುಗಿ, ಮರಳುವ ದೋಣಿಗೇ ಎದುರಾಗುತ್ತದೆ. ಕಾದರೆ ಅವಧಿ ಮೀರೀತು. ಕಾಯದಿದ್ದರೆ ಅಲೆ ಬಡಿದೀತು. ಕಂಬಳದ ಕನೆ ಹಲಗೆಯಲ್ಲಿ ನೀರು ಎಷ್ಟೆತ್ತರಕ್ಕೆ ಚಿಮ್ಮಿ ನಿಶಾನೆಯನ್ನು ಮುಟ್ಟಿತೆಂಬುದೇ ಗೆಲುವಿನ ಅಳತೆ. ವೇಗದ ದೋಣಿಗೆ ಕದಡಿದ ಆ ನೀರೇ ಶತ್ರು.

ಆಗ ನೀರಿನ ಮೇಲಣ ದಾಖಲೆ ಅಮೆರಿಕದ ಸ್ಟ್ಯಾನ್ಲಿ ಸೇಯರ್ಸನದು. 1952ರ ಜುಲೈ 7ರಂದು ಆತ ಗಂಟೆಗೆ 178.497 ಮೈಲಿ ಮುಟ್ಟಿದ್ದನು. ಇನ್ನೂರರ ಗೆರೆಯನ್ನು ದಾಟಿದವರು ಯಾರೂ ಇರಲಿಲ್ಲ. ಕಾಬನ ಹಳೆಯ ಗೆಳೆಯ ರೈಲ್ಟನನ ಕಲ್ಪನೆಯಂತೆ, ಪೋರ್ಟ್ಸ್‌ಮತ್ತಿನ ವೋಸ್ಪರ್ ಕಂಪನಿಯ ಪೀಟರ್ ಡು ಕೇನನ ಉಸ್ತುವಾರಿಯಲ್ಲಿ, ಕ್ರುಸೇಡರ್ ಎಂಬ ದೋಣಿ ಸಿದ್ಧವಾಯಿತು. ಹಿಂದೆ ಪಂಖ ತಿರುಗಿಸುವ ಎಂಜಿನಿನ ಬದಲು ಅದರಲ್ಲಿ ಡಿ ಹ್ಯಾವಿಲೆಂಡ್ ಘೋಸ್ಟ್ ಎಂಬ ಜೆಟ್ ಎಂಜಿನು ಇತ್ತು. ಮುಂದೊಂದು, ಹಿಂದೆರಡು ತಳಗಳ ಮೇಲೆ ನೀರನ್ನು ಅಷ್ಟಷ್ಟೇ ಸೋಕುತ್ತ ಅದು ಜಾರಬೇಕಾಗಿತ್ತು. ಸ್ಕಾಟ್ಲೆಂಡಿನ ನೆಸ್ ಸರೋವರ ಸುಮಾರು 37 ಕಿಲೋಮೀಟರು ಉದ್ದ, ಒಂದೂವರೆ ಕಿಲೋಮೀಟರು ಅಗಲ, ಬೆಟ್ಟಗಳ ನಡುವಣ ಆಳವಾದ ನೀರು. ಓಟಕ್ಕೆ ಅದನ್ನೇ ಆರಿಸಿದರು. ಸರೋವರದ ದಡದ ಗ್ಲೆನರ್ಕಾರ್ಟ್ ಕಣಿವೆಯ ಜನ ಈ ಮಿತಭಾಷಿಯನ್ನು ಬಹಳ ಮೆಚ್ಚಿಕೊಂಡರು. ಸಿದ್ಧತೆಯ ಓಟಗಳಲ್ಲಿ ದೋಣಿಯ ಮುಂದಿನ ತಳದ ಬಲದ ವಿಷಯದಲ್ಲಿ ಕೊಂಚ ಆತಂಕ ತಲೆದೋರಿತ್ತು. ಗಾಳಿ, ಅಲೆಗಳ ಕಾಟದಿಂದ ದಿನಗಳು ಜಾರುತ್ತಿದ್ದವು.

1952ರ ಸೆಪ್ಟೆಂಬರ್ 29, ಸೋಮವಾರ. ಕಾಬ್ ಅಳತೆಯ ಮೈಲಿಯನ್ನು ಪ್ರವೇಶಿಸಿದನು. ಆ ಮೈಲಿಯ ಸರಾಸರಿ ವೇಗ ಗಂಟೆಗೆ 206.89 ಮೈಲಿ ಎಂದು ಗಡಿಯಾರಗಳು ತೋರಿಸಿದವು. ಎಂದರೆ ಹದಿನೇಳೂವರೆ ಸೆಕೆಂಡಿಗಿಂತಲೂ ಕಡಮೆ ಕಾಲದಲ್ಲಿ ಒಂದು ಮೈಲಿ. ಮೈಲಿ ಮುಗಿಯುವ ಹೊತ್ತಿಗೆ ದೋಣಿ ಅಲೆಗಳ ಮೇಲೆ ಪುಟಿದು, ಮೂತಿಯನ್ನು ನೀರಿಗೆ ಚುಚ್ಚಿ, ಚೂರುಚೂರಾಯಿತು. ನೆರವಿಗೆಂದು ನಿಂತಿದ್ದ ದೋಣಿಯೊಂದು ಸರಿದಾಗ ಎದ್ದ ಅಲೆಗಳೇ ಕಾರಣವೆಂದು ಕೆಲವರು, ಮುಂದಿನ ತಳವೇ ಕುಸಿಯಿತೆಂದು ಕೆಲವರು ಹೇಳಿದರು. ಕಾಬ್ ಬದುಕಲಿಲ್ಲ. ಆತನಿಗೆ 52 ವರುಷ. ಆತನ ಹೆಂಡತಿ ದಡದಲ್ಲಿದ್ದಳು.

ಮರಳಿ ಓಡಲಿಲ್ಲವಾದ್ದರಿಂದ 206.89 ದಾಖಲೆಯಾಗಲಿಲ್ಲ, ಪುಸ್ತಕದಲ್ಲಿ ಸೇಯರ್ಸನ ಸಂಖ್ಯೆಯೇ ನಿಂತಿತು. 1955ರ ಜುಲೈ 23ರಂದು ಡೊನಾಲ್ಡ್ ಕ್ಯಾಂಪ್‌ಬೆಲ್ ಅಲ್ಸ್‌ವಾಟರ್ ಸರೋವರದಲ್ಲಿ ಎರಡು ದಿಕ್ಕಿಗೂ ಓಡಿ 202.32 ಮೈಲಿಯ ದಾಖಲೆ ಮಾಡಿದನು. ಸಂಖ್ಯೆ ಕಾಬನದಕ್ಕಿಂತ ಕಿರಿದು. ಆದರೂ ಅಧಿಕೃತವಾಗಿ ಇನ್ನೂರು ದಾಟಿದ ಮೊದಲಿಗ ಕ್ಯಾಂಪ್‌ಬೆಲ್. ನೀರಿನ ಮೇಲೆ ಇನ್ನೂರನ್ನು ಮೊದಲು ಕಂಡವನು ಕಾಬ್ ಎಂದು ಹಲವರು ಇಂದಿಗೂ ಹೇಳುತ್ತಾರೆ. ನೆಲದ ಮೇಲೆ 1964ರ ಜುಲೈ 17ರಂದು ಇದೇ ಕ್ಯಾಂಪ್‌ಬೆಲ್ ಎರಡು ದಿಕ್ಕುಗಳ ಸರಾಸರಿಯಲ್ಲಿ ಮುಟ್ಟಿದ್ದು 403.1, ಹದಿನೇಳು ವರುಷ ಮೊದಲು ಕಾಬ್ ಒಂದು ದಿಕ್ಕಿನಲ್ಲಿ ಮುಟ್ಟಿದ್ದ ಸಂಖ್ಯೆಗೆ ಕೂದಲೆಳೆಯ ಹತ್ತಿರ.

ವಿಧಿಯ ಕೈವಾಡವೋ ಏನೋ, 1967ರ ಜನವರಿ 4ರಂದು ಕೋನಿಸ್ಟನ್ ಸರೋವರದಲ್ಲಿ ಕ್ಯಾಂಪ್‌ಬೆಲ್ಲನೂ ಅದೇ ಹಾದಿ ಹಿಡಿದನು. ಮೊದಲ ಓಟದಲ್ಲಿ 297 ಮೈಲಿಗೂ ಮೇಲೆ. ನೀರು ಪೂರ್ತಿ ಶಾಂತವಾಗುವುದಕ್ಕೆ ಕಾಯದೆ ಹಿಂದಿರುಗಿದ ಎರಡನೆಯ ಓಟದಲ್ಲಿ ದೋಣಿ ಗಾಳಿಗೆದ್ದು ಮುಳುಗಿತು. ಪುಸ್ತಕದಲ್ಲಿ ಉಳಿದದ್ದು 1964ರ ಕೊನೆಯ ದಿನ ಆತನೇ ಮಾಡಿದ್ದ 276.33.

ಹಾಗಾದರೆ ನಿಯಮ ಕ್ರೂರವೇ? ಅಲ್ಲವೆಂದೇ ನನ್ನ ತಿಳಿವಳಿಕೆ. ಸತ್ತವನೆಂಬ ಕರುಣೆಯಿಂದ ಒಂದು ಸಂಖ್ಯೆಯನ್ನು ಪುಸ್ತಕದೊಳಗೆ ಬಿಟ್ಟುಕೊಂಡರೆ, ಗಾಳಿಯ ಬೆನ್ನೇರಿ ಒಂದೇ ದಿಕ್ಕಿಗೆ ಓಡಿದವರೆಲ್ಲರ ಸಂಖ್ಯೆಗಳೂ ಬಾಗಿಲು ತಟ್ಟುತ್ತವೆ. ಆಗ ಕಾಬ್ ತಾನು ಪ್ರಾಮಾಣಿಕವಾಗಿ ಹೋಗಿ ಬಂದು ಗಳಿಸಿದ 394.196 ಕೂಡ ಬೆಲೆ ಕಳೆದುಕೊಳ್ಳುತ್ತದೆ. ಆದರೆ ದಾಖಲೆಯಲ್ಲಿಲ್ಲದ್ದು ನಡೆಯಲೇ ಇಲ್ಲ ಎನ್ನುವುದೂ ಅಷ್ಟೇ ದೊಡ್ಡ ತಪ್ಪು. ದಾಖಲೆ ಬೇರೆ, ಚರಿತ್ರೆ ಬೇರೆ. ಒಂದಕ್ಕೆ ನಿಯಮ ಬೇಕು, ಇನ್ನೊಂದಕ್ಕೆ ನೆನಪು ಬೇಕು. ಐಕಳದ ಓಟದ ವಿಷಯದಲ್ಲಿ ಜಗಳವಾಡಿದ ವಿದ್ಯಾರ್ಥಿಗಳ ಎರಡು ಪಕ್ಷಗಳೂ ಈ ಭೇದವನ್ನು ಮರೆತಿದ್ದವು. 142.5 ಮೀಟರಿಗೆ 13.62 ಸೆಕೆಂಡು ಎಂಬುದು ನಡೆದ ಸಂಗತಿ. ಅದು ಕಂಬಳದ ಹಿರಿಮೆ. 9.55 ಎಂಬುದು ತ್ರೈರಾಶಿಯ ಮಗು. ಅದನ್ನು ಇನ್ನೊಬ್ಬರ ಪುಸ್ತಕದಲ್ಲಿ ಬರೆಯಿಸುವ ಹಟ ನಮಗೆ ಬೇಕಿಲ್ಲ.

ಗ್ಲೆನರ್ಕಾರ್ಟಿನ ಜನ ನೆಸ್ ಸರೋವರದ ದಡದಲ್ಲಿ ಕಾಬನಿಗೊಂದು ಕಲ್ಲಿನ ಸ್ಮಾರಕ ಕಟ್ಟಿದರು. ತಮ್ಮ ಗೇಲಿಕ್ ನುಡಿಯಲ್ಲಿ ಅವರು ಅದರ ಮೇಲೆ ಕೆತ್ತಿಸಿದ್ದು ಆತನ ಧೈರ್ಯವನ್ನೂ ವಿನಯವನ್ನೂ. ದೋಣಿಯ ಅವಶೇಷಗಳು ಸರೋವರದ ಆಳದಲ್ಲಿ ಪತ್ತೆಯಾದದ್ದು ಅರ್ಧ ಶತಮಾನದ ಮೇಲೆ, 2002ರಲ್ಲಿ. ಅಷ್ಟು ಕಾಲವೂ ನೀರಿನ ಕೆಳಗೆ ದೋಣಿ, ದಡದ ಮೇಲೆ ಕಲ್ಲು. ಆತ ಮರಳಿ ಬರಲಿಲ್ಲ; ಬರುವನೆಂದು ಕಾದ ಊರು ಆತನನ್ನು ತನ್ನವನೆಂದು ಬರೆದುಕೊಂಡಿತು.