ಶಿವಶರಣ ಹರಳಯ್ಯನವರು

ಮಾನವರೆಲ್ಲರೂ ಸಮಾನರೆಂದು ಬಾಯಿಂದ ಒಪ್ಪುವವರು ಬಹುಮಂದಿ. ಆ ತತ್ತ್ವವನ್ನು ತಮ್ಮ ಮನೆಯ ಹೊಸ್ತಿಲೊಳಕ್ಕೆ ಬರಗೊಡುವವರು ವಿರಳ. ಜಾತಿಭೇದವಿಲ್ಲದ ಸಮಾಜವು ಎಂದಾದರೂ ನೆಲೆಗೊಂಡೀತೇ ಎಂದು ಸಂಶಯಪಡುವ ಭಕ್ತಮಹಾಶಯರು ಕಲ್ಯಾಣದ ಸಮಗಾರ ಹರಳಯ್ಯನವರ ಚರಿತ್ರೆಯನ್ನು ಮನನಮಾಡತಕ್ಕದ್ದು.

ಈಗ ಬೀದರ ಜಿಲ್ಲೆಯಲ್ಲಿ ಬಸವಕಲ್ಯಾಣವೆನಿಸಿಕೊಂಡಿರುವ ಪಟ್ಟಣವು ಪೂರ್ವದಲ್ಲಿ ಚಾಲುಕ್ಯರ ರಾಜಧಾನಿಯಾಗಿದ್ದು, 12ನೆಯ ಶತಮಾನದ ನಡುವೆ ಕಳಚುರಿ ಬಿಜ್ಜಳನ ವಶವಾಯಿತು. ಆತನ ಆಸ್ಥಾನದಲ್ಲಿ ಉನ್ನತಾಧಿಕಾರಿಯಾಗಿದ್ದ ಬಸವಣ್ಣನವರು ಕುಲವನ್ನೆಣಿಸದೆ ಎಲ್ಲರಿಗೂ ಇಷ್ಟಲಿಂಗದೀಕ್ಷೆಯ ಬಾಗಿಲನ್ನು ತೆರೆದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಮೊದಲಾದ ಕಾಯಕಜೀವಿಗಳು ಅಲ್ಲಿ ನೆರೆದರು. ಪಾದರಕ್ಷೆ ಹೊಲಿಯುವ ಹರಳಯ್ಯನವರೂ ಧರ್ಮಪತ್ನಿ ಕಲ್ಯಾಣಮ್ಮನವರೂ ಆ ಗಣದಲ್ಲಿ ಸೇರಿದವರು.

ಪರಂಪರೆಯು ಹೇಳುವ ಕಥೆಯಿದು. ಒಂದು ದಿನ ಹರಳಯ್ಯನವರು ಬಸವಣ್ಣನವರನ್ನು ಕಂಡು ಶರಣೆನ್ನಲು, ಬಸವಣ್ಣನವರು ಎರಡು ಬಾರಿ ಶರಣೆಂದು ಮರುವಂದನೆ ಮಾಡಿದರು. ಹೆಚ್ಚಾದ ಆ ಒಂದು ಶರಣು ತಮ್ಮ ಮೇಲೆ ಋಣವಾಗಿ ಉಳಿಯಿತೆಂದು ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದುಕೆಗಳನ್ನು ಹೊಲಿದು ಅರ್ಪಿಸಿದರು. ಬಸವಣ್ಣನವರು ಅವನ್ನು ಮೆಟ್ಟದೆ, ಶಿರದ ಮೇಲಿರಿಸಿಕೊಂಡು ಹಿಂದಿರುಗಿಸಿದರು. ಬ್ರಾಹ್ಮಣ ಮಂತ್ರಿಯಾದ ಮಧುವರಸನು ಅವನ್ನು ತಿರಸ್ಕಾರದಿಂದ ಮೆಟ್ಟಿಕೊಳ್ಳಲು ಮೈಯೆಲ್ಲ ಉರಿಹತ್ತಿತೆಂದೂ, ಹರಳಯ್ಯನವರ ಮನೆಯ ತೊಗಲು ನೆನೆಯುವ ನೀರಿನಿಂದಲೇ ಆ ಉರಿ ಶಮನವಾಯಿತೆಂದೂ ಹೇಳುವರು. ಯಾವ ನೀರನ್ನು ಮುಟ್ಟಲು ಹೇಸುತ್ತಿದ್ದನೋ ಆ ನೀರೇ ಆತನಿಗೆ ಔಷಧವಾಯಿತು.

ಮಧುವರಸನು ದೀಕ್ಷೆಯನ್ನು ಪಡೆದು ಮಧುವಯ್ಯನಾದನು. ತನ್ನ ಮಗಳು ಲಾವಣ್ಯವತಿಯನ್ನು ಹರಳಯ್ಯನವರ ಮಗ ಶೀಲವಂತನಿಗೆ ಧಾರೆಯೆರೆದನು. ಲಿಂಗವಂತರಾದ ಮೇಲೆ ಪೂರ್ವದ ಜಾತಿಯುಳಿಯದು, ಆದುದರಿಂದ ಇದರಲ್ಲಿ ವರ್ಣಸಂಕರವೇನೂ ಇಲ್ಲವೆಂಬುದು ಶರಣರ ನಿಶ್ಚಯ. ಸಂಪ್ರದಾಯಸ್ಥರಾದರೋ ಇದನ್ನು ಪ್ರತಿಲೋಮವಿವಾಹವೆಂದು ಘೋಷಿಸಿ ಅರಸನಲ್ಲಿ ದೂರಿತ್ತರು. ಕೂಡಿ ಕುಳಿತು ಶಿವಾನುಭವವನ್ನಾಡಿದುದನ್ನು ಹೇಗೋ ಸಹಿಸಿದವರು, ಕೂಡಿ ಸಂಸಾರ ಹೂಡುವುದನ್ನು ಸಹಿಸದಾದರು. ಹರಳಯ್ಯ ಮಧುವಯ್ಯರ ಕಣ್ಣು ಕೀಳಿಸಿದರೆಂದು ಕೆಲವರೂ, ಆನೆಯ ಕಾಲಿಗೆ ಕಟ್ಟಿ ಎಳೆಹೂಟೆಯ ಶಿಕ್ಷೆ ವಿಧಿಸಿದರೆಂದು ಕೆಲವರೂ ಹೇಳುವರು. ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು. ಚೆನ್ನಬಸವಣ್ಣನವರೊಡನೆ ಅನೇಕ ಶರಣರು ಉಳವಿಯತ್ತ ಸಾಗಿದರು. 1167ರಲ್ಲಿ ಬಿಜ್ಜಳನ ಆಳಿಕೆಯೂ ಕೊನೆಗಂಡಿತು.

ಇದನ್ನು ಸಮಾನತೆಯ ಸೋಲೆಂದು ಬಗೆಯುವುದು ತರವಲ್ಲ. ಅಸಾಧ್ಯವೆಂದು ತಿಳಿದುದನ್ನು ಎರಡು ಮನೆಗಳವರು ಸ್ವಸಂತೋಷದಿಂದ ಸಾಧಿಸಿ ತೋರಿದರು. ಅದನ್ನು ಮುರಿದುದು ಅರಸನ ಬಲವೇ ಹೊರತು ಮಾನವಸ್ವಭಾವವಲ್ಲ. ಸುಮಾರು 8 ಶತಮಾನಗಳ ಬಳಿಕ, ಬೇರೆ ಬೇರೆ ಜಾತಿಯವರ ಹಿಂದೂ ವಿವಾಹಗಳು ಸಿಂಧುವೆಂದು 1949ರ ಕಾಯಿದೆಯು ಸಾರಿತು. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನವು ತನ್ನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಂದು ಹರಳಯ್ಯನವರನ್ನು ದಂಡಿಸಿದ ರಾಜ್ಯಶಕ್ತಿಯು ಇಂದು ಅವರ ಪಕ್ಷದಲ್ಲಿ ನಿಂತಿದೆ.

ಆದರೆ ಕಾಯಿದೆಯು ತಡೆಯನ್ನು ತೆಗೆದೀತಲ್ಲದೆ, ಬೀಗತನವನ್ನು ಬೆಳೆಸಲಾರದು. ಜಾತಿಯ ಎಲ್ಲೆಯನ್ನು ದಾಟಿ ಮದುವೆಯಾದ ಮಕ್ಕಳನ್ನು ಹೆತ್ತವರೂ ಒಡಹುಟ್ಟಿದವರೂ ಕೊಂದರೆಂಬ ವಾರ್ತೆಗಳು ಇನ್ನೂ ನಿಂತಿಲ್ಲ. ಬಿಜ್ಜಳನಿಲ್ಲದಿದ್ದರೂ ಅವನ ದಂಡವನ್ನು ಮನೆಯವರೇ ಹಿಡಿದಂತಾಗಿದೆ. ನಮ್ಮೊಳಗಾದರೂ ದಾಸೋಹದ ಒಂದೇ ಪಂಕ್ತಿಯಲ್ಲಿ ಪ್ರಸಾದವನ್ನು ಸ್ವೀಕರಿಸಿ, ಹೆಣ್ಣುಗಂಡಿನ ಮಾತು ಬಂದೊಡನೆ ಒಳಪಂಗಡವನ್ನು ವಿಚಾರಿಸುವ ರೂಢಿ ಅಳಿಯಿತೇ? ಸಮಗಾರ ಬಂಧುಗಳು ಹರಳಯ್ಯನವರನ್ನು ತಮ್ಮ ಕುಲದ ಹಿರಿಯರೆಂದು ಪೂಜಿಸುತ್ತಿರುವರು. ನಾವು ಆ ಹಿರಿಯರಿಗೆ ಕೈಮುಗಿದು ಅವರ ಮಕ್ಕಳನ್ನು ದೂರವಿರಿಸಿದರೆ, ಬಸವಣ್ಣನವರು ಶಿರದಲ್ಲಿ ಧರಿಸಿದ ಪಾದುಕೆಯನ್ನು ಮತ್ತೆ ತಿರಸ್ಕಾರದಿಂದ ಮೆಟ್ಟಿದಂತೆಯೇ ಸರಿ.

ಶ್ರೀಮಠದ ಈ ಮಹೋತ್ಸವದ ಪುಣ್ಯಕಾಲದಲ್ಲಿ, ಅಂದು ಕಲ್ಯಾಣದಲ್ಲಿ ಅರ್ಧಕ್ಕೆ ನಿಂತ ಆ ಮಂಗಳಕಾರ್ಯವನ್ನು ನಮ್ಮ ನಮ್ಮ ಮನೆಗಳಲ್ಲಿ ಪೂರ್ಣಗೊಳಿಸುವ ಧೈರ್ಯವನ್ನು ಪರಶಿವನು ಸಕಲ ಸದ್ಭಕ್ತರಿಗೂ ದಯಪಾಲಿಸಲಿ.