ಬಡವರ ಬಂಧು ವಂದನೀಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು



ನಮ್ಮ ಹುಡಗಿಯ ಮನೆಗಳಲ್ಲಿ ದೊಡ್ಡ ಕಾಯಿಲೆ ಕಾಲಿಟ್ಟರೆ ಬೀದರ, ಕಲಬುರಗಿ, ಸೊಲ್ಲಾಪುರ ಇಲ್ಲವೆ ಹೈದರಾಬಾದಿನ ದಾರಿ ಹಿಡಿಯಬೇಕಾಗುತ್ತದೆ. ಹೊಲ ಅಡವಿಟ್ಟು, ಬಂಗಾರ ಮಾರಿ, ಬಡ್ಡಿಗೆ ಹಣ ತರುವವರನ್ನು ನಾವು ಕಂಡಿದ್ದೇವೆ. ರೋಗಿ ಗುಣಮುಖನಾದರೂ ಸಾಲ ವರ್ಷಗಟ್ಟಲೆ ಉಳಿಯುತ್ತದೆ. ಇದೇ ಕಷ್ಟಕ್ಕೆ ಮಂಗಳೂರಿನಲ್ಲಿ ಉಪಾಯ ಕಂಡುಕೊಂಡ ಪುಣ್ಯಾತ್ಮರೊಬ್ಬರನ್ನು ಈ ಶತಮಾನೋತ್ಸವದ ವೇಳೆ ಸ್ಮರಿಸಬಯಸುತ್ತೇವೆ.

ಮುಲ್ಲರ್ ಸ್ವಾಮಿಗಳು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. ಯೇಸುಸಭೆಯ ಗುರುಗಳಾಗಿ 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದರು. ಹೋಮಿಯೋಪಥಿ ಬಲ್ಲ ಅವರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದರು. ಆಲದ ಮರದ ನೆರಳಿನಲ್ಲಿ ಮೊದಲಾದ ಆ ಸೇವೆ ಬರಬರುತ್ತ ಆಸ್ಪತ್ರೆಯಾಗಿ ಬೆಳೆಯಿತು. ಮನೆಮಂದಿಯೇ ಹೊರದೂಡಿದ ಕುಷ್ಠರೋಗಿಗಳಿಗೆ 1890ರಲ್ಲಿ ಆಶ್ರಯ ದೊರೆಯಿತು. ಪ್ಲೇಗ್ ಬಂದಾಗ ಅದರ ರೋಗಿಗಳಿಗೂ ಪ್ರತ್ಯೇಕ ಆಸ್ಪತ್ರೆಯಾಯಿತು.

ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಸ್ವಾಮಿಗಳು ದಾನವೊಂದನ್ನೇ ನಂಬಿ ಕುಳಿತವರಲ್ಲ. ಔಷಧಗಳನ್ನು ಸಿದ್ಧಪಡಿಸಿ ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಮಾರಿದರು. ಬಂದ ಆದಾಯವನ್ನು ಬಡರೋಗಿಗಳಿಗೆ ವಿನಿಯೋಗಿಸಿದರು. ದೂರದೂರಿನಲ್ಲಿ ಬೆಲೆ ತೆತ್ತು ಔಷಧ ಕೊಂಡವನು, ತಾನು ಎಂದೂ ಕಾಣದ ರೋಗಿಯ ಖರ್ಚನ್ನು ಹೊತ್ತಂತಾಯಿತು. ಕರುಣೆಗೂ ಲೆಕ್ಕಪುಸ್ತಕ ಬೇಕೆಂಬುದನ್ನು ಅವರ ಬದುಕು ತೋರಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ಪ್ರಭುವಿನಲ್ಲಿ ನಿದ್ರೆಹೋದರು. ಅವರ ಹೆಸರಿನ ಆಸ್ಪತ್ರೆ ಕಂಕನಾಡಿಯಲ್ಲಿ ಇಂದಿಗೂ ಸೇವೆ ಸಲ್ಲಿಸುತ್ತಿದೆ.

ಹಲವರು ಕೂಡಿ ಒಬ್ಬನ ಭಾರ ಹೊರುವ ಈ ತತ್ವವನ್ನು ಇಂದು ಸರ್ಕಾರವೂ ಒಪ್ಪಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. ಇದನ್ನರಿಯದೆ ಬಡ್ಡಿಯವರ ಬಾಗಿಲಿಗೆ ಹೋಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಓದುಬಲ್ಲ ಯುವಕರು ನೆರೆಮನೆಯವರ ಕಾರ್ಡು ಮಾಡಿಸಿಕೊಡಲಿ. ಉಳ್ಳವರು ಸುಗ್ಗಿಯ ಕಾಣಿಕೆಯಲ್ಲಿ ಒಂದು ಪಾಲನ್ನು ರೋಗಿಗಳಿಗೆಂದು ತೆಗೆದಿಡಲಿ. ಬಸ್ಸಿನ ಖರ್ಚು, ಜೊತೆಗಿರುವವರ ಊಟ, ತಪ್ಪಿದ ಕೂಲಿ ಇವು ಯಾವ ಕಾರ್ಡಿನಿಂದಲೂ ತುಂಬುವುದಿಲ್ಲ. ಅವನ್ನು ತುಂಬಬೇಕಾದವರು ನಾವು.

ರೋಗಿಗಳನ್ನು ಅಪ್ಪಿಕೊಂಡ ಯೇಸುಸ್ವಾಮಿ ನಮ್ಮೆಲ್ಲರನ್ನು ಆಶೀರ್ವದಿಸಲಿ.