ಕಂಸವಿಲ್ಲದ ಗಣಿತ: ಯಾನ್ ವುಕಾಶೇವಿಚ್

ಗಣಿತದ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡವರನ್ನು ವಿಚಾರಿಸಿ ನೋಡಿ. ಕೂಡುವುದು, ಗುಣಿಸುವುದು ಬಾರದೆ ಸೋತವರು ಕಡಿಮೆ. ಕಂಸವನ್ನು ಎಲ್ಲಿ ಬಿಡಿಸಬೇಕೆಂದು ತಿಳಿಯದೆ ಸೋತವರೇ ಹೆಚ್ಚು. ಯಕ್ಷಗಾನದಲ್ಲಿ ಕಂಸವಧೆಯ ಪ್ರಸಂಗವನ್ನು ನಾವೆಲ್ಲ ಬಲ್ಲೆವು. ಗಣಿತದ ಕಂಸವನ್ನು ಒಂದು ತೊಟ್ಟು ರಕ್ತ ಚೆಲ್ಲದೆ ಇಲ್ಲವಾಗಿಸಿದ ಮಹನೀಯರೊಬ್ಬರಿದ್ದರು. ಅವರೇ ಪೋಲೆಂಡಿನ ಪ್ರಖ್ಯಾತ ತರ್ಕಶಾಸ್ತ್ರಜ್ಞ ಯಾನ್ ವುಕಾಶೇವಿಚ್. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಹೆಸರು 'ಲ' ಅಕ್ಷರದಿಂದ ಆರಂಭವಾಗುವಂತೆ ಕಾಣುತ್ತದೆ. ಆದರೆ ಪೋಲಿಷ್ ಭಾಷೆಯಲ್ಲಿ ಅಡ್ಡಗೆರೆ ಎಳೆದ ಆ ಅಕ್ಷರದ ಉಚ್ಚಾರ 'ವ'ಕಾರಕ್ಕೆ ಸಮೀಪ. ಗಣಕಯಂತ್ರದ ತೆರೆಯ ಮೇಲೆ ಚೌಕ, ಗೆರೆಗಳನ್ನು ಬಿಡಿಸುವ ಫೋರ್ತ್ ಎಂಬ ಭಾಷೆ ಇವರ ಆಲೋಚನೆಯ ಮೇಲೆಯೇ ನಿಂತಿದೆ. ಆ ವಿಷಯಕ್ಕೆ ಆಮೇಲೆ ಬರೋಣ.

ವುಕಾಶೇವಿಚ್ ಅವರು 1878ರ ಡಿಸೆಂಬರ್ 21ರಂದು ಲ್ವುಫ್ ನಗರದಲ್ಲಿ ಜನಿಸಿದರು. ತಂದೆ ಆಸ್ಟ್ರಿಯಾದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದರು. ಆಗ ಪೋಲೆಂಡ್ ಎಂಬ ರಾಷ್ಟ್ರವೇ ಭೂಪಟದಲ್ಲಿರಲಿಲ್ಲ. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಎಂಬ ಮೂರು ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ಲ್ವುಫ್ ಇದ್ದುದು ಆಸ್ಟ್ರಿಯಾದ ಪಾಲಿನಲ್ಲಿ. ಜರ್ಮನರು ಆ ಊರನ್ನು ಲೆಂಬರ್ಗ್ ಎನ್ನುತ್ತಿದ್ದರು, ರಷ್ಯನ್ನರು ಲ್ವೋವ್ ಎನ್ನುತ್ತಿದ್ದರು. ಇಂದು ಅದು ಉಕ್ರೇನಿನ ಲ್ವಿವ್. ಒಂದೇ ಊರಿಗೆ ಎರಡೆರಡು ಹೆಸರಿನ ಫಲಕಗಳನ್ನು ನೋಡುತ್ತಲೇ ಬೆಳೆದ ಗಡಿನಾಡಿನ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಲ್ವುಫ್ ವಿಶ್ವವಿದ್ಯಾನಿಲಯದಲ್ಲಿ ಅವರು ಮೊದಲು ಸೇರಿದ್ದು ಕಾನೂನಿಗೆ. ಬಳಿಕ ಗಣಿತ ಮತ್ತು ತತ್ತ್ವಶಾಸ್ತ್ರಗಳತ್ತ ಹೊರಳಿದರು. ಅಲ್ಲಿ ಕಝಿಮಿಯೆಷ್ ತ್ವಾರ್ದೋವ್‌ಸ್ಕಿ ಎಂಬ ಗುರುಗಳಿದ್ದರು. ಹೇಳಬೇಕಾದುದನ್ನು ಸ್ಪಷ್ಟವಾಗಿ ಹೇಳಬೇಕು, ಮಸುಕಾದ ಮಾತು ಮಸುಕಾದ ಯೋಚನೆಯ ಗುರುತು ಎಂಬುದು ಆ ಗುರುಗಳ ನಿಲುವು. ಶಿಷ್ಯರು ಅದನ್ನು ಬಾಳಿನುದ್ದಕ್ಕೂ ಪಾಲಿಸಿದರು. 1902ರಲ್ಲಿ ವುಕಾಶೇವಿಚ್ ಅವರು ಡಾಕ್ಟರೇಟ್ ಪಡೆದಾಗ ಅವರ ಅಸಾಧಾರಣ ಯೋಗ್ಯತೆಗಾಗಿ ಚಕ್ರವರ್ತಿ ಫ್ರಾನ್ಸ್ ಜೋಸೆಫರ ಹೆಸರಿನ ವಜ್ರದುಂಗುರವೂ ದೊರೆಯಿತು.

1915ರಲ್ಲಿ ವಾರ್ಸಾ ನಗರದಲ್ಲಿ ಪೋಲಿಷ್ ವಿಶ್ವವಿದ್ಯಾನಿಲಯ ಮತ್ತೆ ತೆರೆಯಿತು. ಅಲ್ಲಿಂದ ಅವರಿಗೆ ಕರೆ ಬಂತು. 1918ರಲ್ಲಿ ಪೋಲೆಂಡ್ ಸ್ವತಂತ್ರವಾಯಿತು. ಮರುವರ್ಷ ಅವರು ಹೊಸ ಸರಕಾರದಲ್ಲಿ ಶಿಕ್ಷಣ ಸಚಿವರೂ ಆದರು. ಆದರೆ ಒಂದು ವರ್ಷ ತುಂಬುವ ಮೊದಲೇ ಆ ಪದವಿಯಿಂದ ಹೊರಬಂದು ತರಗತಿಗೆ ಮರಳಿದರು. ಮಂತ್ರಿಯ ಕುರ್ಚಿಯಿಂದ ಕರಿಹಲಗೆಯ ಬಳಿಗೆ ಮರಳಿದವರು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು! ಮುಂದೆ ಎರಡು ಬಾರಿ ಆ ವಿಶ್ವವಿದ್ಯಾನಿಲಯದ ರೆಕ್ಟರ್, ಎಂದರೆ ನಮ್ಮ ಕುಲಪತಿಗಳಂಥ ಸ್ಥಾನದಲ್ಲಿ ಇದ್ದರು. ಅವರೂ ಸ್ತಾನಿಸ್ವಾವ್ ಲೆಶ್ನ್ಯೆವ್‌ಸ್ಕಿ ಎಂಬ ಇನ್ನೊಬ್ಬ ಪ್ರಾಧ್ಯಾಪಕರೂ ಸೇರಿ ಬೆಳೆಸಿದ ವಾರ್ಸಾ ತರ್ಕಪಂಥ ಲೋಕಪ್ರಸಿದ್ಧವಾಯಿತು. ಆಲ್ಫ್ರೆಡ್ ತಾರ್ಸ್ಕಿಯಂಥ ಮೇಧಾವಿ ಈ ಇಬ್ಬರ ಬಳಿ ಕಲಿತವರು.

ಅವರ ಮೊದಲ ದೊಡ್ಡ ಸಾಧನೆ ಮೂರು ಬೆಲೆಗಳ ತರ್ಕ. ಒಂದು ಮಾತು ನಿಜವಾಗಿರಬೇಕು, ಇಲ್ಲವೇ ಸುಳ್ಳಾಗಿರಬೇಕು ಎಂದು ಎರಡು ಸಾವಿರ ವರ್ಷಗಳಿಂದ ಪಂಡಿತರು ಕಲಿಸುತ್ತ ಬಂದಿದ್ದರು. ನಾಳೆಯ ಸಂಗತಿಯನ್ನು ಇಂದೇ ನಿಜ ಅಥವಾ ಸುಳ್ಳು ಎನ್ನುವುದು ಹೇಗೆ ಎಂದು ವುಕಾಶೇವಿಚ್ ಕೇಳಿದರು. ನಿಜಕ್ಕೆ 1, ಸುಳ್ಳಿಗೆ 0, ಇನ್ನೂ ನಿಶ್ಚಯವಾಗದ್ದಕ್ಕೆ ಅರ್ಧ ಎಂದು ಬೆಲೆ ಕಟ್ಟಿ ಒಂದು ಹೊಸ ತರ್ಕವನ್ನೇ 1920ರಲ್ಲಿ ಪ್ರಕಟಿಸಿದರು. ಇದನ್ನು ವಿವರಿಸುವಾಗ ಅವರು ಕೊಟ್ಟ ಉದಾಹರಣೆ ಕುತೂಹಲಕರವಾಗಿದೆ. ಮುಂದಿನ ವರ್ಷ ಡಿಸೆಂಬರ್ 21ರ ನಡುಹಗಲು ತಾನು ವಾರ್ಸಾದಲ್ಲಿರುತ್ತೇನೆಯೇ ಇಲ್ಲವೇ ಎಂಬುದು ಇಂದು ನಿರ್ಧಾರವಾಗಿಲ್ಲ ಎಂದು 1930ರ ಲೇಖನದಲ್ಲಿ ಬರೆದರು. ಅದು ಅವರ ಹುಟ್ಟುಹಬ್ಬದ ದಿನಾಂಕ. 1944ರಿಂದ ಸಾಯುವವರೆಗೆ ಬಂದ ಯಾವ ಡಿಸೆಂಬರ್ 21ರಂದೂ ಅವರು ವಾರ್ಸಾದಲ್ಲಿರಲಿಲ್ಲ.

ಎರಡನೆಯ ಸಾಧನೆ 1924ರದು. ನಾವು 3 + 4 ಎಂದು ಬರೆಯುವಾಗ ಕೂಡಿಸುವ ಚಿಹ್ನೆ ಎರಡು ಸಂಖ್ಯೆಗಳ ನಡುವೆ ಕುಳಿತಿರುತ್ತದೆ. 3 + 4 × 5 ಎಂದರೆ ಜಗಳ ಹುಟ್ಟುತ್ತದೆ. ಮೊದಲು ಕೂಡಿಸಿದರೆ 35, ಮೊದಲು ಗುಣಿಸಿದರೆ 23. ಈ ಜಗಳ ಬಿಡಿಸಲು ನಿಯಮ ಬೇಕು, ನಿಯಮ ಸಾಲದಾಗ ಕಂಸ ಬೇಕು. ತರ್ಕಶಾಸ್ತ್ರದ ಉದ್ದುದ್ದ ಸೂತ್ರಗಳಲ್ಲಂತೂ ಕಂಸದೊಳಗೆ ಕಂಸ, ಅದರೊಳಗೆ ಇನ್ನೊಂದು. ಚಿಹ್ನೆಯನ್ನು ನಡುವಿನಿಂದ ಎಬ್ಬಿಸಿ ಮುಂದಕ್ಕೆ ಕೂರಿಸಿದರೆ ಕಂಸದ ಅಗತ್ಯವೇ ಬೀಳುವುದಿಲ್ಲ ಎಂಬುದನ್ನು ವುಕಾಶೇವಿಚ್ ಕಂಡುಕೊಂಡರು. ಮೂರನ್ನೂ ನಾಲ್ಕನ್ನೂ ಕೂಡಿಸಿ ಐದರಿಂದ ಗುಣಿಸಬೇಕಾದರೆ × + 3 4 5 ಎಂದು ಬರೆದರಾಯಿತು. ಮೊದಲು ಗುಣಿಸಬೇಕಾದರೆ + 3 × 4 5. ಎರಡರಲ್ಲೂ ಕಂಸವಿಲ್ಲ, ಎರಡಕ್ಕೂ ಒಂದೊಂದೇ ಅರ್ಥ. ತರ್ಕದ ಸೂತ್ರಗಳಿಗೆ ಅವರು ರೋಮನ್ ಅಕ್ಷರಗಳನ್ನೇ ಬಳಸಿದರು. ಪಿ ಆದರೆ ಕ್ಯೂ ಎನ್ನಲು ಸಿ ಪಿ ಕ್ಯೂ, ಪಿ ಅಲ್ಲ ಎನ್ನಲು ಎನ್ ಪಿ. ಸಾಮಾನ್ಯ ಬೆರಳಚ್ಚು ಯಂತ್ರದಲ್ಲಿಯೇ ಎಲ್ಲವನ್ನೂ ಹೊಡೆಯಬಹುದು. ಇದಕ್ಕೆ ಪೋಲಿಷ್ ಬರವಣಿಗೆ ಎಂದು ಹೆಸರಾಯಿತು. ವುಕಾಶೇವಿಚ್ ಎಂಬ ಹೆಸರು ಹೊರಗಿನವರ ನಾಲಗೆಗೆ ಒಗ್ಗದ್ದರಿಂದ ದೇಶದ ಹೆಸರನ್ನೇ ಇಟ್ಟರೆಂದು ಹೇಳುವುದುಂಟು.

ನೋಡುವುದಕ್ಕೆ ಸಣ್ಣ ಸಂಗತಿ. ಚಿಹ್ನೆಯ ಜಾಗ ಬದಲಾಯಿತು, ಅಷ್ಟೇ. ಆದರೆ ಇದು ಎಷ್ಟು ಗಟ್ಟಿಯಾದದ್ದೆಂಬುದು ಮುಂದಿನ ದುರ್ದಿನಗಳಲ್ಲಿ ತಿಳಿಯುತ್ತದೆ.

1939ರ ಬೇಸಿಗೆಯಲ್ಲಿ ಅವರು ಅರಿಸ್ಟಾಟಲನ ತರ್ಕವನ್ನು ಕುರಿತ ಒಂದು ಗ್ರಂಥವನ್ನು ಪೋಲಿಷ್ ಭಾಷೆಯಲ್ಲಿ ಸಿದ್ಧಪಡಿಸಿದ್ದರು. ಮೊದಲ ಭಾಗದ ಕರಡಚ್ಚು ಅವರ ಕೈಸೇರಿತ್ತು. ಸೆಪ್ಟೆಂಬರಿನಲ್ಲಿ ಜರ್ಮನಿ ಪೋಲೆಂಡಿನ ಮೇಲೆ ದಂಡೆತ್ತಿ ಬಂತು. ಬಾಂಬ್ ದಾಳಿಯಲ್ಲಿ ಮುದ್ರಣಾಲಯ ನೆಲಸಮವಾಯಿತು. ಅದೇ ದಿನಗಳಲ್ಲಿ ಅವರ ಮನೆಯೂ ಉರಿಯಿತು. ಪುಸ್ತಕಭಂಡಾರ, ಹಸ್ತಪ್ರತಿಗಳು ಎಲ್ಲವೂ ಬೂದಿಯಾದವು. ಆಗ ಅವರಿಗೆ ಅರುವತ್ತು ವರ್ಷ. ಜರ್ಮನರು ವಿಶ್ವವಿದ್ಯಾನಿಲಯಕ್ಕೆ ಬೀಗ ಹಾಕಿದರು. ಒಂದು ಕಾಲದ ಶಿಕ್ಷಣ ಸಚಿವರು, ಎರಡು ಬಾರಿ ರೆಕ್ಟರ್ ಆಗಿದ್ದವರು ಹೊಟ್ಟೆಪಾಡಿಗೆ ನಗರದ ದಫ್ತರಖಾನೆಯಲ್ಲಿ ಕೆಲಸಕ್ಕೆ ನಿಂತರು. ಅದರ ಜೊತೆಗೆ ಗುಟ್ಟಾಗಿ ನಡೆಯುತ್ತಿದ್ದ ವಿಶ್ವವಿದ್ಯಾನಿಲಯದಲ್ಲಿ ಪಾಠವನ್ನೂ ಹೇಳಿದರು. ಸಿಕ್ಕಿಬಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ. ಅವರ ಬಳಗದ ಯಹೂದಿ ವಿದ್ವಾಂಸರಲ್ಲಿ ಲಿಂಡನ್‌ಬಾಮ್, ವಾಯ್ಸ್‌ಬರ್ಗ್ ಮೊದಲಾದವರನ್ನು ನಾಜಿಗಳ ಹಿಂಸೆ ನುಂಗಿತು. ತಾರ್ಸ್ಕಿ ಯುದ್ಧಕ್ಕೆ ಕೆಲವೇ ದಿನ ಮೊದಲು ಅಮೆರಿಕಕ್ಕೆ ಹೋಗಿದ್ದರಿಂದ ಉಳಿದುಕೊಂಡರು.

1944ರ ಜುಲೈಯಲ್ಲಿ ವುಕಾಶೇವಿಚ್ ದಂಪತಿಗಳು ವಾರ್ಸಾ ಬಿಟ್ಟರು. ಮ್ಯೂನ್‌ಸ್ಟರ್ ಎಂಬ ಜರ್ಮನ್ ಊರಿನ ಹೈನ್‌ರಿಷ್ ಶೋಲ್ಟ್ಸ್ ಎಂಬ ತರ್ಕಶಾಸ್ತ್ರಜ್ಞರು ಅವರಿಗೆ ನೆರವಾದರು. ಅಲ್ಲಿಂದ ಸ್ವಿಟ್ಜರ್ಲೆಂಡಿಗೆ ದಾಟಬೇಕೆಂಬುದು ಉದ್ದೇಶ. ಅಷ್ಟರಲ್ಲಿ ಜುಲೈ 20ರಂದು ಹಿಟ್ಲರನ ಮೇಲೆ ಕೊಲೆಯತ್ನ ನಡೆದು ಗಡಿಗಳೆಲ್ಲ ಬಿಗಿಯಾದವು, ಅವರು ಜರ್ಮನಿಯಲ್ಲಿಯೇ ಉಳಿಯಬೇಕಾಯಿತು. ಆಗಸ್ಟ್ 1ರಂದು ವಾರ್ಸಾದ ಜನ ನಾಜಿಗಳ ವಿರುದ್ಧ ದಂಗೆಯೆದ್ದರು. ನಗರ ಮಣ್ಣುಪಾಲಾಯಿತು. ತಮ್ಮವರು ಸಾಯುತ್ತಿದ್ದಾಗ ಶತ್ರುವಿನ ನಾಡಿಗೆ ಹೋದರಲ್ಲ ಎಂದು ಅವರನ್ನು ದೂರುವವರಿದ್ದಾರೆ. ಆದರೆ ಮನೆ ಸುಟ್ಟುಹೋದ ವೃದ್ಧರೊಬ್ಬರು ಹಿಡಿದ ದಾರಿಯನ್ನು ಸುಖವಾಗಿ ಕುಳಿತು ತೂಗುವುದು ನನಗೆ ಸರಿಕಾಣದು.

ಯುದ್ಧ ಮುಗಿದಾಗ ಲ್ವುಫ್ ಪೋಲೆಂಡಿನಿಂದ ಸೋವಿಯತ್ ಒಕ್ಕೂಟಕ್ಕೆ ಹೋಗಿತ್ತು. ಬೆಲ್ಜಿಯಮಿನಲ್ಲಿ ಕೆಲಕಾಲ ಕಳೆದ ಮೇಲೆ 1946ರಲ್ಲಿ ಐರ್ಲೆಂಡಿನಿಂದ ಆಹ್ವಾನ ಬಂತು. ಅಲ್ಲಿನ ಪ್ರಧಾನಿ ಡಿ ವಲೇರಾ ಅವರು ಸ್ವತಃ ಗಣಿತದ ಮೇಷ್ಟರಾಗಿದ್ದವರು. ಡಬ್ಲಿನ್ ನಗರದ ರಾಯಲ್ ಐರಿಷ್ ಅಕಾಡೆಮಿ ವುಕಾಶೇವಿಚ್ ಅವರಿಗೆ ಗಣಿತೀಯ ತರ್ಕದ ಪ್ರಾಧ್ಯಾಪಕ ಪದವಿಯನ್ನಿತ್ತು ಗೌರವಿಸಿತು. ಅರುವತ್ತೇಳನೆಯ ವಯಸ್ಸಿನಲ್ಲಿ ಪರದೇಶದಲ್ಲಿ ಪರಭಾಷೆಯಲ್ಲಿ ಮತ್ತೆ ಮೊದಲಿನಿಂದ ಆರಂಭ. 1939ರಲ್ಲಿ ಸುಟ್ಟುಹೋದ ಆ ಗ್ರಂಥವನ್ನು ಅವರು ಹೊಸದಾಗಿ, ಈ ಸಲ ಇಂಗ್ಲಿಷಿನಲ್ಲಿ ಬರೆದರು. 1951ರಲ್ಲಿ ಅದು ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಅರಿಸ್ಟಾಟಲನ ನಿಯಮಗಳೆಲ್ಲ ಅದರಲ್ಲಿ ಕಂಸವಿಲ್ಲದ ಬರವಣಿಗೆಯಲ್ಲಿಯೇ ಇವೆ. ಕಾಗದಗಳು ಬೂದಿಯಾದರೂ ಬರೆಯುವ ಕ್ರಮ ತಲೆಯಲ್ಲಿ ಉಳಿದಿತ್ತು. 1956ರ ಫೆಬ್ರವರಿ 13ರಂದು ಡಬ್ಲಿನ್ನಿನಲ್ಲಿ ಅವರು ತೀರಿಕೊಂಡರು. 2022ರಲ್ಲಿ ಅವರ ಅಸ್ಥಿಯನ್ನು ವಾರ್ಸಾಕ್ಕೆ ತಂದು ಪೊವೊನ್‌ಸ್ಕಿ ಸ್ಮಶಾನದಲ್ಲಿ ಸಮಾಧಿ ಮಾಡಿದರು.

ಇನ್ನು ಫೋರ್ತ್ ವಿಷಯ. ಚಿಹ್ನೆಯನ್ನು ಮುಂದಿಡುವ ಬದಲು ಕೊನೆಗಿಟ್ಟರೂ ಕಂಸ ಬೇಕಾಗುವುದಿಲ್ಲ, ಯಂತ್ರಕ್ಕೆ ಅದು ಇನ್ನೂ ಸುಲಭ ಎಂದು 1950ರ ದಶಕದಲ್ಲಿ ಅಮೆರಿಕ, ಆಸ್ಟ್ರೇಲಿಯಾಗಳ ವಿದ್ವಾಂಸರು ತೋರಿಸಿದರು. ಇದು ತಿರುವುಮುರುವಾದ ಪೋಲಿಷ್ ಬರವಣಿಗೆ. ಇದರಲ್ಲಿ ನಮ್ಮ ಲೆಕ್ಕ 3 4 + 5 × ಎಂದಾಗುತ್ತದೆ. ಇದನ್ನು ಗಟ್ಟಿಯಾಗಿ ಓದಿ ನೋಡಿ: ಮೂರು, ನಾಲ್ಕು ಕೂಡಿಸು, ಐದರಿಂದ ಗುಣಿಸು. ಇದು ಅಪ್ಪಟ ಕನ್ನಡ ವಾಕ್ಯವಲ್ಲವೇ! ಕರ್ತೃ, ಕರ್ಮ, ಕ್ರಿಯಾಪದ ಎಂದು ವ್ಯಾಕರಣದ ತರಗತಿಯಲ್ಲಿ ಉರು ಹೊಡೆದದ್ದು ನೆನಪಿರಬಹುದು. ನಮ್ಮಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆ. ಮಲಯಾಳ, ತುಳು ಭಾಷೆಗಳಲ್ಲೂ ಹಾಗೆಯೇ. ಇಂಗ್ಲಿಷ್ ಬಲ್ಲವರಿಗೆ ವಿಚಿತ್ರವಾಗಿ ಕಂಡ ಈ ಕ್ರಮ ನಮಗೆ ಮನೆಮಾತಿನ ಕ್ರಮ.

ಯಂತ್ರ ಮಾಡುವುದಿಷ್ಟು. ಊಟದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವಂತೆ ಸಂಖ್ಯೆಗಳನ್ನು ಪೇರಿಸುತ್ತದೆ. ಕೂಡಿಸು ಎಂಬ ಚಿಹ್ನೆ ಬಂದಾಗ ಮೇಲಿನ ಎರಡನ್ನು ತೆಗೆದು ಕೂಡಿಸಿ ಉತ್ತರವನ್ನು ಮತ್ತೆ ಮೇಲಿಡುತ್ತದೆ. ಕೊನೆಗಿಟ್ಟದ್ದು ಮೊದಲು ಕೈಗೆ ಬರುತ್ತದೆ. 1972ರಲ್ಲಿ ಬಂದ ಎಚ್‌ಪಿ-35 ಎಂಬ ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಹೀಗೆಯೇ ಲೆಕ್ಕ ಮಾಡುತ್ತಿತ್ತು. ಅದರಲ್ಲಿ ಸಮಚಿಹ್ನೆಯ ಗುಂಡಿಯೇ ಇರಲಿಲ್ಲ. ಅದಕ್ಕೂ ಮೊದಲೇ, 1960ರ ದಶಕದ ಕೊನೆಗೆ, ಅಮೆರಿಕದ ಚಾರ್ಲ್ಸ್ ಮೂರ್ ಎಂಬವರು ಫೋರ್ತ್ ಭಾಷೆಯನ್ನು ಇದೇ ಕ್ರಮದಲ್ಲಿ ರೂಪಿಸಿದರು. ನಾಲ್ಕನೆಯ ತಲೆಮಾರಿನದು ಎಂಬ ಅರ್ಥದ ಇಂಗ್ಲಿಷ್ ಪದಕ್ಕೆ ಆರು ಅಕ್ಷರ. ಅವರ ಯಂತ್ರ ಐದೇ ಅಕ್ಷರದ ಹೆಸರನ್ನು ಒಪ್ಪುತ್ತಿದ್ದುದರಿಂದ ಒಂದಕ್ಷರ ಬಿದ್ದುಹೋಯಿತು. 1970ರ ದಶಕದ ಆರಂಭದಲ್ಲಿ ಅರಿಝೋನಾದ ಕಿಟ್ ಪೀಕ್ ಬೆಟ್ಟದ ರೇಡಿಯೋ ದೂರದರ್ಶಕವನ್ನು ಈ ಭಾಷೆ ನಡೆಸಿತು.

1982ರಲ್ಲಿ ಇಂಗ್ಲೆಂಡಿನಲ್ಲಿ ಜುಪಿಟರ್ ಏಸ್ ಎಂಬ ಪುಟ್ಟ ಗಣಕಯಂತ್ರ ಬಂತು. ಫೋರ್ತ್ ಭಾಷೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹುಟ್ಟಿದ ಯಂತ್ರವದು. ಹೆಚ್ಚು ಮಾರಾಟವಾಗಲಿಲ್ಲ, ಆದರೆ ಚಿತ್ರ ಬಿಡಿಸುವ ಪಾಠಕ್ಕೆ ಅದಕ್ಕಿಂತ ಸರಳವಾದದ್ದು ಸಿಗದು. ಟಿವಿ ತೆರೆಯನ್ನು ಚೌಕುಳಿ ಹಾಳೆಯೆಂದು ತಿಳಿಯಿರಿ. ಪ್ಲಾಟ್ ಎಂಬ ಮಾತಿನ ಮುಂಚೆ ಮೂರು ಸಂಖ್ಯೆ ಕೊಡಬೇಕು: ಬಲಕ್ಕೆಷ್ಟು, ಮೇಲಕ್ಕೆಷ್ಟು, ಏನು ಮಾಡಬೇಕು. ಮೂರನೆಯದು 1 ಆದರೆ ಚುಕ್ಕಿ ಇಡುತ್ತದೆ, 0 ಆದರೆ ಅಳಿಸುತ್ತದೆ. 10 20 1 ಪ್ಲಾಟ್ ಎಂದರೆ ಬಲಕ್ಕೆ ಹತ್ತು, ಮೇಲಕ್ಕೆ ಇಪ್ಪತ್ತರಲ್ಲಿ ಒಂದು ಚುಕ್ಕಿ. ಚುಕ್ಕಿಗಳನ್ನು ಸಾಲಾಗಿ ಇಟ್ಟರೆ ಗೆರೆ. ರಂಗೋಲಿಗೂ ಮೊದಲು ಚುಕ್ಕಿಯೇ ತಾನೆ? ಹೊಸ ಮಾತನ್ನು ನಾವೇ ಹುಟ್ಟಿಸಬಹುದು. ವಿವರಣ ಚಿಹ್ನೆಯಿಂದ ಆರಂಭಿಸಿ ಅರ್ಧವಿರಾಮದಲ್ಲಿ ಮುಗಿಸಬೇಕು, ಅಷ್ಟೇ. ಚೌಕವೊಂದು ಹೀಗಿರುತ್ತದೆ:

: ಚೌಕ 40 10 ಡೂ ಐ 10 1 ಪ್ಲಾಟ್ ಐ 39 1 ಪ್ಲಾಟ್ 10 ಐ 1 ಪ್ಲಾಟ್ 39 ಐ 1 ಪ್ಲಾಟ್ ಲೂಪ್ ;

ಯಂತ್ರದಲ್ಲಿ ಇದನ್ನು ರೋಮನ್ ಲಿಪಿಯಲ್ಲಿ ಹೊಡೆಯಬೇಕು. ಐ ಎಂಬುದು 10ರಿಂದ 39ರವರೆಗೆ ಒಂದೊಂದೇ ಏರುತ್ತ ಹೋಗುವ ಸಂಖ್ಯೆ. 40 ಬಂದೊಡನೆ ಸುತ್ತು ನಿಲ್ಲುತ್ತದೆ. ಪ್ರತಿ ಸುತ್ತಿನಲ್ಲೂ ಕೆಳಗೆ, ಮೇಲೆ, ಎಡಕ್ಕೆ, ಬಲಕ್ಕೆ ಒಂದೊಂದು ಚುಕ್ಕಿ ಬಿದ್ದು ನಾಲ್ಕು ಬದಿಗಳೂ ಒಟ್ಟಿಗೇ ಬೆಳೆಯುತ್ತವೆ. ಮುಂದೆ ಚೌಕ ಎಂದು ಹೊಡೆದರೆ ಸಾಕು, ಚೌಕ ಮೂಡುತ್ತದೆ.

ಇದಕ್ಕೊಂದು ಕರ್ಣ ಎಳೆಯಬೇಕೇ? ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ಇಳಿಯುವ ಕರ್ಣಕ್ಕೆ ಸುತ್ತಿನೊಳಗೆ ಐ 49 ಐ - 1 ಪ್ಲಾಟ್ ಎಂದು ಬರೆಯಬೇಕು. ಐ ಹತ್ತಿದ್ದಾಗ 49ರಿಂದ ಹತ್ತು ಕಳೆದು 39, ಐ ಮೂವತ್ತೊಂಬತ್ತಿದ್ದಾಗ 10. ಲೆಕ್ಕದ ನಡುವೆ ಇನ್ನೊಂದು ಲೆಕ್ಕ ನುಸುಳಿದರೂ ಕಂಸದ ಸುಳಿವಿಲ್ಲ. ಕೆಳಗಿನ ಎಡಮೂಲೆಯಿಂದ ಮೇಲೇರುವ ಇನ್ನೊಂದು ಕರ್ಣ ಇದಕ್ಕಿಂತ ಸುಲಭ. ಅದನ್ನು ನೀವೇ ಬರೆದು ನಿಮ್ಮ ಗಣಿತದ ಅಧ್ಯಾಪಕರಿಗೆ ತೋರಿಸಿ.